ಕೂದಲೆಳೆಯ ಸವೆತ, ಕಾರಿಗೆ ಕುತ್ತು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹಳ್ಳಿಗಳಿಂದ ರೋಗಿಯನ್ನು ಹಾವೇರಿಗೋ ಹುಬ್ಬಳ್ಳಿಗೋ ಸಾಗಿಸಬೇಕಾದಾಗ ಬಾಡಿಗೆಯ ಕಾರೇ ಅನೇಕರಿಗೆ ಆಸರೆ. ಅದು ನಡುದಾರಿಯಲ್ಲಿ ನಿಂತರೆ ಒಡೆಯನಿಗೆ ಅಂದಿನ ದುಡಿಮೆ ಮಾತ್ರವಲ್ಲ, ಕೆಲವೊಮ್ಮೆ ಎಂಜಿನ್ನೇ ಕೈಬಿಡುತ್ತದೆ. ಇದಕ್ಕೆಲ್ಲ ಕೂದಲೆಳೆಗಿಂತ ದಪ್ಪವಲ್ಲದ ಸವೆತವೇ ಕಾರಣವಾಗಬಹುದೆಂದರೆ ವಾಚಕರು ನಂಬುವರೆ?

ಬಾಗಿಲುಗಳೂ ಸರಪಳಿಯೂ

ಎಂಜಿನ್ನಿನ ಸಿಲಿಂಡರಿಗೆ ಗಾಳಿ ಬರಲು, ಹೊಗೆ ಹೋಗಲು ಇರುವ ಬಾಗಿಲುಗಳೇ ವಾಲ್ವುಗಳು. ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ವಾಲ್ವೂ ಒಮ್ಮೆ ತೆರೆದು ಮುಚ್ಚಬೇಕು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಇದು ಸೆಕೆಂಡಿಗೆ 25 ಸಲ ನಡೆಯುತ್ತದೆ! ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡವನ್ನು ಕ್ರ್ಯಾಂಕಿಗೆ ಬಿಗಿದಿರುವುದೇ ಟೈಮಿಂಗ್ ಚೈನು. ಹಳೆಯ ಅಂಬಾಸಿಡರಿನ 1489 ಘನ ಸೆಂಟಿಮೀಟರಿನ ಎಂಜಿನ್ನಿನಲ್ಲಿ ಇದ್ದುದು ಇದೇ. ಮಾರುತಿ 800ರಲ್ಲಿ ಇದರ ಬದಲು ರಬ್ಬರಿನ ಪಟ್ಟಿಯಿತ್ತು.

ಚೈನು 'ಹಿಗ್ಗಿತು' ಎನ್ನುವುದು ರೂಢಿಯ ಮಾತು. ನಿಜವಾಗಿ ಉಕ್ಕು ಹಿಗ್ಗುವುದಿಲ್ಲ. ಕೊಂಡಿಗಳ ಪಿನ್ನುಗಳು ಸವೆಯುತ್ತವೆ. ಬಿಗಿಯಾದ ಮಗ್ಗುಲಲ್ಲಿ 40 ಕೊಂಡಿಗಳಿದ್ದು ಒಂದೊಂದೂ 0.05 ಮಿಲಿಮೀಟರು ಸಡಿಲಗೊಂಡಿತೆನ್ನೋಣ. ಒಟ್ಟು 2 ಮಿಲಿಮೀಟರು! 60 ಮಿಲಿಮೀಟರು ತ್ರಿಜ್ಯದ ಕ್ಯಾಮ್ ಚಕ್ರ ಇದರಿಂದ ಸುಮಾರು 2 ಡಿಗ್ರಿ ಹಿಂದೆ ಬೀಳುತ್ತದೆ. ಕ್ರ್ಯಾಂಕಿನ ಲೆಕ್ಕದಲ್ಲಿ 4 ಡಿಗ್ರಿ. ಕಾರಿನ ಕಸುವು ಕುಗ್ಗುತ್ತದೆ. 40 ಹಲ್ಲಿನ ಆ ಚಕ್ರದ ಮೇಲೆ ಚೈನು ಒಂದು ಹಲ್ಲು ಜಿಗಿದರಂತೂ 18 ಡಿಗ್ರಿಯ ತಪ್ಪು. ಹಲ್ಲುಗಳು ಇನ್ನೂ ಜಿಗಿದರೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ ತೆರೆದ ವಾಲ್ವಿಗೆ ಬಡಿದು ಅದನ್ನು ಬಾಗಿಸುತ್ತದೆ.

ಸದ್ದಿನ ಒಗಟು

ಸಡಿಲಾದ ಚೈನು ಬೆಳಗ್ಗೆ ಎಂಜಿನ್ ಹೊರಡುವಾಗ ಗಡಗಡಿಸಿ ಎಚ್ಚರಿಸುತ್ತದೆ. ವಾಲ್ವಿನ ರೀತಿ ಬೇರೆ. ಅದರ ಪೀಠ ಸವೆದಂತೆ ವಾಲ್ವು ಒಳಗಿಳಿದು, ಅದರ ಹಿಂದಿನ ಸಂದು ಕಿರಿದಾಗಿ, ಸದ್ದು ಕಡಿಮೆಯಾಗುತ್ತದೆ! ಸಂದು ಪೂರ್ತಿ ಅಳಿದರೆ ವಾಲ್ವು ಮುಚ್ಚಲಾರದು. ಸುಮಾರು 700 ಡಿಗ್ರಿ ಸೆಲ್ಸಿಯಸ್ ಕಾಯುವ ಹೊಗೆಯ ವಾಲ್ವು, ತನ್ನ ಶಾಖವನ್ನು ಬಹುಪಾಲು ಬಿಟ್ಟುಕೊಡುವುದು ಪೀಠಕ್ಕೆ ತಾಗಿದಾಗಲೇ. ತಾಗದಿದ್ದರೆ ಅಂಚು ಸುಟ್ಟುಹೋಗುತ್ತದೆ.

ದುರಸ್ತಿಯ ಕ್ರಮ

ಬಲ್ಲ ಮೇಸ್ತ್ರಿ ಮೊದಲು ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯುತ್ತಾನೆ. ಬಳಿಕ ಚೈನು, ಹಲ್ಲಿನ ಚಕ್ರಗಳು, ಬಿಗಿಕ ಇವನ್ನು ಒಟ್ಟಿಗೇ ಬದಲಿಸುತ್ತಾನೆ. ಸವೆದ ಹಲ್ಲು ಹೊಸ ಚೈನನ್ನೂ ಬೇಗ ಸವೆಸುತ್ತದಷ್ಟೆ. ವಾಲ್ವನ್ನು ಅರೆಯುವ ಪೇಸ್ಟು ಹಚ್ಚಿ ಪೀಠದ ಮೇಲೆ ಉಜ್ಜುತ್ತಾನೆ; ಮೇಲೆ ಸೀಮೆಎಣ್ಣೆ ಸುರಿದು ಸೋರುವುದೋ ಎಂದು ನೋಡುತ್ತಾನೆ. ಕಡೆಗೆ ಗುರುತುಗಳನ್ನು ಹೊಂದಿಸಿ, ಎಂಜಿನ್ ಹೊರಡಿಸುವ ಮುನ್ನ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸುತ್ತಾನೆ. ಎರಡೇ ಏಕೆ? ಆಗಲೇ ಕ್ಯಾಮ್ ಒಂದು ಸುತ್ತು ಮುಗಿಸಿ, ಎಲ್ಲ ವಾಲ್ವುಗಳೂ ತಡೆಯಿಲ್ಲದೆ ಚಲಿಸಿದ್ದು ಕೈಗೆ ತಿಳಿಯುತ್ತದೆ.

ಪಿನ್ನನ್ನು ಸವೆತದಿಂದ ಕಾಯುವುದು ತೆಳುವಾದ ಎಣ್ಣೆಯ ಪದರ. ಮಣ್ಣುದಾರಿಯ ಧೂಳು ಶೋಧಕವನ್ನು ದಾಟಿ ಎಣ್ಣೆಗೆ ಬೆರೆತರೆ ಅದೇ ಎಣ್ಣೆ ಅರೆಯುವ ಪೇಸ್ಟಾಗುತ್ತದೆ. ಆದುದರಿಂದ ಎಣ್ಣೆಯನ್ನೂ ಗಾಳಿಯ ಶೋಧಕವನ್ನೂ ಸಕಾಲದಲ್ಲಿ ಬದಲಿಸುವುದೇ ಎಲ್ಲಕ್ಕಿಂತ ಅಗ್ಗದ ದುರಸ್ತಿ.