ರಿಯು ಹೆಚ್ಚೋ, ಕೆನ್ ಹೆಚ್ಚೋ?

ಬಟ್ಟೆಯ ಬಣ್ಣ ಬದಲಾಗಿದೆ, ಅಷ್ಟೇ! ಈ ಸಂಗತಿ ಗೊತ್ತಾದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ವಿಜಯಪುರ ಇನ್ನೂ ಬಿಜಾಪುರವಾಗಿದ್ದ ಕಾಲದಲ್ಲಿ, ಪರದೆ ಎಳೆದ ಒಂದು ವಿಡಿಯೋ ಗೇಮ್ ಅಂಗಡಿಯ ಕತ್ತಲಲ್ಲಿ, ರಿಯು ಹೆಚ್ಚೋ ಕೆನ್ ಹೆಚ್ಚೋ ಎಂದು ಅಂಗಿ ಹರಿಯುವ ತನಕ ಜಗಳಾಡಿದವರು ನಾವು. ಆ ಇಬ್ಬರದೂ ಒಂದೇ ಮೈಯಂತೆ!

1987ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ 'ಸ್ಟ್ರೀಟ್ ಫೈಟರ್' ತಂದಾಗ ಆಡುವವನ ಪಾಲಿಗೆ ಬರುತ್ತಿದ್ದವ ರಿಯು. ಪಕ್ಕದಲ್ಲಿ ಇನ್ನೊಬ್ಬ ಬಂದು ನಾಣ್ಯ ಹಾಕಿದರೆ ಅವನಿಗೂ ಒಬ್ಬ ಬೇಕಲ್ಲ? ಹಾಗೆ ಬಂದವ ಕೆನ್. 1991ರ 'ಸ್ಟ್ರೀಟ್ ಫೈಟರ್ 2'ರಲ್ಲೂ ಇಬ್ಬರದೂ ಅದೇ ಹೊಡೆತ, ಅದೇ ಒದೆತ, ಅಂಗೈಯಿಂದ ಚಿಮ್ಮುವ ಅದೇ ನೀಲಿ ಉಂಡೆ. ಒಬ್ಬನಿಗೆ ಬಿಳಿ ಬಟ್ಟೆ, ಇನ್ನೊಬ್ಬನಿಗೆ ಕೆಂಪು ಬಟ್ಟೆ, ಹೊಂಬಣ್ಣದ ಕೂದಲು. ಹೊಡೆತಗಳಲ್ಲಿ ಚೂರುಪಾರು ಫರಕು ಕಂಡದ್ದು 1992ರ 'ಚಾಂಪಿಯನ್ ಎಡಿಷನ್'ನಿಂದ. ಅದೇ ವರ್ಷ ಅಮೆರಿಕದಲ್ಲಿ ಬಂದ 'ಮಾರ್ಟಲ್ ಕಾಂಬ್ಯಾಟ್' ಇದನ್ನೂ ಮೀರಿಸಿತು. ಡೇನಿಯಲ್ ಪೆಸಿನಾ ಎಂಬ ಒಬ್ಬನೇ ನಟನಿಗೆ ಕೆಂಪು ವೇಷ ಹಾಕಿ ಚಿತ್ರ ತೆಗೆದರು, ಕಂಪ್ಯೂಟರಿನಲ್ಲಿ ಹಳದಿ ಬಳಿದು ಸ್ಕಾರ್ಪಿಯನ್ ಎಂದರು, ನೀಲಿ ಬಳಿದು ಸಬ್-ಝೀರೋ ಎಂದರು. ಬದ್ಧವೈರಿಗಳು! ಯಂತ್ರದ ನೆನಪಿನ ಜಾಗ ಉಳಿಸಲು ಹೂಡಿದ ಉಪಾಯಕ್ಕೆ ಲೋಕವೆಲ್ಲ ಎರಡು ಪಕ್ಷವಾಗಿ ಒಡೆಯಿತು.

ನಮ್ಮ ಅಂಗಡಿಯಲ್ಲಿ ಪಕ್ಷ ಕಟ್ಟುವುದಕ್ಕೆ ಬಲಾಬಲದ ಲೆಕ್ಕ ಇರಲೇ ಇಲ್ಲ. 'ಸ್ಟ್ರೀಟ್ ಫೈಟರ್ 2'ರ ಧಾಲ್ಸಿಮ್ ನಮ್ಮ ದೇಶದವ, ಯೋಗ ಮಾಡಿ ಬೆಂಕಿ ಉಗುಳುವವ, ಆದರೂ ಅವನನ್ನು ಮುಟ್ಟುವವರಿಲ್ಲ. 1993ರ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್'ನಲ್ಲಿ ನಾಲ್ವರು ವೀರರು. ಆದಿಲ್‌ಶಾಹಿ ಊರಿನ ನಮಗೆ ಕಂಡವನು ಒಬ್ಬನೇ, ಮುಸ್ತಫಾ. ಆಟದ ಹೆಸರೇ 'ಮುಸ್ತಫಾ' ಆಗಿಹೋಯಿತು. (ಇಡೀ ದೇಶದಲ್ಲೇ ಹಾಗೆ ಕರೆಯುತ್ತಿದ್ದರು ಎಂದು ಬಹಳ ತಡವಾಗಿ ತಿಳಿದು ನನಗೆ ಸ್ವಲ್ಪ ಬೇಜಾರಾಯಿತು.) ಆಮೇಲೆ ಬಂತು 1997ರ 'ಕಿಂಗ್ ಆಫ್ ಫೈಟರ್ಸ್'. ಕ್ಯೋ ಮತ್ತು ಇಯೋರಿ! ಕಥೆಯ ಪ್ರಕಾರ ಅವರ ಮನೆತನಗಳದು 660 ವರ್ಷಗಳ ಹಗೆ. ಒಬ್ಬನ ಬೆನ್ನ ಮೇಲೆ ಸೂರ್ಯ, ಇನ್ನೊಬ್ಬನ ಬೆನ್ನ ಮೇಲೆ ಚಂದ್ರ. ಒಬ್ಬನ ಕೈಯಲ್ಲಿ ಕೆಂಪು ಬೆಂಕಿ, ಇನ್ನೊಬ್ಬನದು ನೇರಳೆ. ನಾಯಕ ಕ್ಯೋ. ಆದರೆ ಬಣ್ಣ ಹಾರಿದ ಆ ಗುಂಡಿಗಳ ಮೇಲೆ ಬೆರಳಿಟ್ಟವರೆಲ್ಲ ಹಿಡಿಯುತ್ತಿದ್ದದ್ದು ಇಯೋರಿಯನ್ನು. "ಏ, ಇಯೋರಿ ಬಿಡಲೇ, ಅಂವಾ ನಂದು!"

ಈ ಗುಂಗಿನಲ್ಲೇ ಹೋದ ವರ್ಷ ತಿಕೋಟಾದ ಕಾಕಾನ ಮನೆಗೆ ಹೋಗಿದ್ದೆ. ಒಣದ್ರಾಕ್ಷಿ ಶೆಡ್ಡಿನ ಕೆಲಸ ಮುಗಿಸಿ ಬಂದ ಕಾಕಾ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಬಲೇಶ್ವರದ ಕಡೆಯ ಒಂದು ಜಾತ್ರೆಗೆ ಕರೆದೊಯ್ದ. ಅಲ್ಲಿ ಹರದೇಶಿ-ನಾಗೇಶಿ. ಹರದೇಶಿ ಮೇಳದವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿ ಮೇಳದವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಡಪ್ಪು ಬಡಿದ ತಕ್ಷಣ ನನ್ನ ಎದೆ ಧಸಕ್ಕೆಂದಿತು. ಅದೇ ಅಂಗಡಿ, ಅದೇ ನಾವು! ನಾಗೇಶಿಯ ಹೆಣ್ಣುಮಗಳು ಸೆರಗು ಸಿಕ್ಕಿಸಿ, ಡಪ್ಪನ್ನು ಕಿವಿಯ ತನಕ ಎತ್ತಿ, ಪುರಾಣದಿಂದ ಒಂದು ಸವಾಲು ಎಸೆದಳು. ತುಂತುಣಿಯ ಒಂಟಿ ತಂತಿ ಮಿಡಿಯುತ್ತಲೇ ಇತ್ತು. ಎದುರಿನವ ಉತ್ತರ ಹುಡುಕುತ್ತ ಬೆವರು ಒರೆಸಿಕೊಂಡ. ಜನ ಶಿಳ್ಳೆ ಹೊಡೆದರು, ಮುಂದೆ ಬಂದು ನೋಟು ಕೊಟ್ಟರು.

ಇನ್ನೊಂದು ಬೆರಗು ಕೇಳಿ. ಹರದೇಶಿಗೆ ತುರಾಯಿ, ನಾಗೇಶಿಗೆ ಕಲ್ಗಿ ಎಂಬ ಹೆಸರೂ ಇದೆ. ಹಾಗೆಂದರೇನು? ಎರಡೂ ರುಮಾಲಿಗೆ ಸಿಕ್ಕಿಸುವ ಒಡವೆ! ರಾಜಸ್ಥಾನ, ಮಧ್ಯಪ್ರದೇಶದ ಕಡೆಯೂ ಈ ಪಂಥಗಳಿವೆ. ಚಂದೇರಿಯ ಅರಸ ಶಿವನ ಪಕ್ಷದ ತುಕನಗೀರನಿಗೆ ತುರಾಯಿಯನ್ನೂ ಶಕ್ತಿಯ ಪಕ್ಷದ ಶಾಹ್ ಅಲಿಗೆ ಕಲ್ಗಿಯನ್ನೂ ಕೊಟ್ಟ ಎಂದು ಅಲ್ಲಿ ಕಥೆ ಹೇಳುತ್ತಾರೆ. ರುಮಾಲು ಒಂದೇ, ಸಿಕ್ಕಿಸಿದ್ದು ಬೇರೆ. ಡಪ್ಪು ಒಂದೇ, ತುಂತುಣಿ ಒಂದೇ, ಗೀಗೀ ಎನ್ನುವ ಪಲ್ಲವಿಯೂ ಒಂದೇ. ಕ್ಯಾಪ್‌ಕಾಮ್‌ನವರಿಗೆ ಹೊಳೆದದ್ದು ನಮ್ಮ ಲಾವಣಿಕಾರರಿಗೆ ಎಷ್ಟೋ ಮೊದಲೇ ಹೊಳೆದಿತ್ತು!

ಯಂತ್ರದ ಆಟದಲ್ಲಿ 99ರಿಂದ ಎಣಿಕೆ ಇಳಿದು ಸೊನ್ನೆಗೆ ಬಂದರೆ ತೀರ್ಪು. ಇಲ್ಲಿ ಮೂಡಣ ಕೆಂಪಾದರೂ ಮುಗಿಯಲಿಲ್ಲ. "ಯಾರ್ ಗೆದ್ರು ಕಾಕಾ?" ಎಂದೆ. "ಗೆಲ್ಲೂದೇನ್ ಬಂತೋ ತಮ್ಮಾ, ಬೆಳಗಾತು, ನಡಿ ಚಾ ಕುಡಿಯೂಣು" ಎಂದ.

ನನ್ನ ಪಕ್ಷ ಹೇಳಿಬಿಡುತ್ತೇನೆ: ಅಂಗಡಿಯಲ್ಲಿ ಇಯೋರಿ, ಜಾತ್ರೆಯಲ್ಲಿ ನಾಗೇಶಿ. ಒಪ್ಪದವರು ಮುಂದಿನ ಜಾತ್ರೆಗೆ ಬಬಲೇಶ್ವರದ ಕಡೆ ಬನ್ನಿ, ರಾತ್ರಿಯಿಡೀ ಜಗಳಾಡೋಣ.