ಹಳೆಯ ಮೋಟಾರ್‌ಹೋಮಿಗೆ ಹೊಸ ಮುಳ್ಳುಗಳು

ಅಮೆರಿಕದ ಹೆದ್ದಾರಿಗಳಲ್ಲಿ ಬಸ್ಸಿನಷ್ಟೇ ಉದ್ದದ, ಆದರೆ ಬಸ್ಸಲ್ಲದ ವಾಹನಗಳು ಓಡಾಡುತ್ತಿರುತ್ತವೆ. ಒಳಗೆ ಮಂಚ, ಒಲೆ, ಪುಟ್ಟ ಬಚ್ಚಲು ಎಲ್ಲವೂ ಉಂಟು. ಇವೇ ಮೋಟಾರ್‌ಹೋಮ್‌ಗಳು. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಊರಿನ ವಿನಬೇಗೊ ಕಂಪನಿ 1966ರಲ್ಲಿ ಇವುಗಳ ತಯಾರಿಕೆಗೆ ಇಳಿಯಿತು. 1970ರ ದಶಕದಲ್ಲಿ ಇಂಥ ಎಷ್ಟೋ ಗಾಡಿಗಳನ್ನು ಡಾಡ್ಜ್ ಚಾಸಿಯ ಮೇಲೆ ಕಟ್ಟಲಾಯಿತು. ಐವತ್ತು ವರ್ಷ ದಾಟಿದರೂ ಕೆಲವು ಇನ್ನೂ ಓಡುತ್ತಿವೆ. ಅಗ್ಗದಲ್ಲಿ ಕೊಂಡು ಸ್ವಂತ ಕೈಯಿಂದ ರಿಪೇರಿ ಮಾಡಿಕೊಳ್ಳುವ ಹವ್ಯಾಸಿಗಳು ಅಲ್ಲಿ ಬಹಳ.

ಅಂಥವರು ಕೈಹಾಕುವ ಕೆಲಸಗಳಲ್ಲಿ ಒಂದು, ಚಾಲಕನ ಮುಂದಿನ ಮೀಟರುಗಳನ್ನು ಬದಲಾಯಿಸುವುದು. ಬಿಸಿಲಿಗೆ ಬಿರುಕುಬಿಟ್ಟ ಪ್ಲಾಸ್ಟಿಕ್ಕು, ಮಾಸಿದ ಅಂಕಿ, ಅಂಟಿಕೊಂಡ ಮುಳ್ಳು ಇವನ್ನೆಲ್ಲ ಕಿತ್ತು, ಅಂಗಡಿಯಿಂದ ತಂದ ಐದಾರು ಹೊಸ ಮೀಟರುಗಳ ಫಲಕವನ್ನು ಕೂರಿಸುತ್ತಾರೆ. ನೋಡುವುದಕ್ಕೆ ಸ್ಕ್ರೂಡ್ರೈವರಿನ ಕೆಲಸ. ಆದರೆ ಎಸ್ಸೆಸ್ಸೆಲ್ಸಿ ಭೌತಶಾಸ್ತ್ರದ ವಿದ್ಯುತ್ ಪಾಠವೆಲ್ಲ ಆ ಫಲಕದ ಹಿಂದೆ ಅಡಗಿ ಕುಳಿತಿದೆ. ಅದನ್ನು ಮರೆತವರ ಗಾಡಿ ನಡುದಾರಿಯಲ್ಲಿ ನಿಲ್ಲಬಹುದು, ಹೊತ್ತಿ ಉರಿಯಲೂಬಹುದು.

ಬೆಂಕಿಯ ಮಾತು ಉತ್ಪ್ರೇಕ್ಷೆಯಲ್ಲ. ಆ ಕಾಲದ ಡಾಡ್ಜ್ ಗಾಡಿಗಳ ಫಲಕದಲ್ಲಿ ಒಂದು ಆಮ್ಮೀಟರ್ ಇರುತ್ತಿತ್ತು. ಆಮ್ಮೀಟರನ್ನು ಸರಣಿಯಲ್ಲಿ ಜೋಡಿಸಬೇಕೆಂದು ನಾವು ತರಗತಿಯಲ್ಲಿ ಹೇಳುತ್ತೇವಲ್ಲವೆ? ಅಲ್ಲಿಯೂ ಹಾಗೆಯೇ. ಬ್ಯಾಟರಿಯನ್ನು ಚಾರ್ಜ್ ಮಾಡುವ ಪ್ರವಾಹವೆಲ್ಲ ಎಂಜಿನ್ ಕಡೆಯಿಂದ ದಪ್ಪ ತಂತಿಯಲ್ಲಿ ಫಲಕದವರೆಗೆ ಬಂದು, ಆಮ್ಮೀಟರನ್ನು ಹಾದು, ಮತ್ತೊಂದು ತಂತಿಯಲ್ಲಿ ಮರಳುತ್ತಿತ್ತು. ಬ್ಯಾಟರಿ ಬರಿದಾಗಿದ್ದರೆ ಇದು 30-40 ಆಂಪಿಯರ್ ಆಗಬಹುದು. ಮೋಟಾರ್‌ಹೋಮಿನಲ್ಲಿ ಮನೆಯ ದೀಪ, ಫ್ಯಾನುಗಳಿಗೆಂದು ಎರಡನೆಯ ಬ್ಯಾಟರಿ ಬೇರೆ.

ಹೊಸತರಲ್ಲಿ ತೊಂದರೆಯಿಲ್ಲ. ವರ್ಷಗಳು ಕಳೆದಂತೆ ನಟ್ಟು ಸಡಿಲವಾಗುತ್ತದೆ, ತುದಿಗೆ ಕಿಲುಬು ಹಿಡಿಯುತ್ತದೆ. ಆ ಬೆಸುಗೆಯಿಲ್ಲದ ಕೂಡಿಕೆಯ ರೋಧ ಬರೀ 0.02 ಓಮ್ ಎಂದುಕೊಳ್ಳಿ. 40 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಶಾಖವೆಷ್ಟು? ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿ: 1600ರ 0.02 ಭಾಗ, ಅಂದರೆ 32 ವ್ಯಾಟ್. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25 ವ್ಯಾಟಿನದು! ಪ್ಲೈವುಡ್ಡು, ಫೈಬರ್‌ಗ್ಲಾಸುಗಳ ಮನೆಯೊಳಗೆ, ಗೊಂಚಲು ತಂತಿಗಳ ನಡುವೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಅಂಥದೊಂದು ಕಡ್ಡಿ ಗಂಟೆಗಟ್ಟಲೆ ಕಾಯುತ್ತಿರುತ್ತದೆ.

ಆದ್ದರಿಂದ ಹೊಸ ಫಲಕದಲ್ಲಿ ಬಲ್ಲವರು ಆಮ್ಮೀಟರಿನ ಬದಲು ವೋಲ್ಟ್‌ಮೀಟರ್ ಇಡುತ್ತಾರೆ. ಇದು ಸಮಾಂತರ ಜೋಡಣೆಯದು. ಅತ್ಯಲ್ಪ ಪ್ರವಾಹ ಸಾಕು, ಕೂದಲೆಳೆಯ ತಂತಿಯೂ ಒಂದು ಫ್ಯೂಸೂ ಇದ್ದರೆ ಆಯಿತು. ಎಂಜಿನ್ ಓಡುವಾಗ ಮುಳ್ಳು 14 ವೋಲ್ಟಿನ ಆಸುಪಾಸಿನಲ್ಲಿದ್ದರೆ ಚಾರ್ಜ್ ಆಗುತ್ತಿದೆ ಎಂದರ್ಥ. 12ಕ್ಕೆ ಇಳಿಯುತ್ತಿದ್ದರೆ ಆಲ್ಟರ್ನೇಟರ್ ಕೈಕೊಟ್ಟಿದೆ.

ಇಲ್ಲಿ ವಿದ್ಯಾರ್ಥಿಗಳಿಗೊಂದು ಪ್ರಶ್ನೆ. ಆಮ್ಮೀಟರಿನಿಂದ ಬಿಚ್ಚಿದ ಆ ಎರಡು ದಪ್ಪ ತಂತಿಗಳನ್ನೇ ವೋಲ್ಟ್‌ಮೀಟರಿನ ಎರಡು ತುದಿಗಳಿಗೆ ಸಿಕ್ಕಿಸಿದರೆ ಏನಾಗುತ್ತದೆ? ವೋಲ್ಟ್‌ಮೀಟರಿನ ರೋಧ ಬಹಳ ಹೆಚ್ಚು. ಅದು ಸರಣಿಯಲ್ಲಿ ಕುಳಿತೊಡನೆ ಪ್ರವಾಹದ ದಾರಿ ಕಟ್ಟಿಹೋಗುತ್ತದೆ. ಕೀಲಿ ತಿರುಗಿಸಿದರೆ ದೀಪವೂ ಇಲ್ಲ, ಸದ್ದೂ ಇಲ್ಲ. ಆ ಎರಡು ತಂತಿಗಳನ್ನು ಭದ್ರವಾಗಿ ಒಂದಕ್ಕೊಂದು ಬಿಗಿದು, ಮೇಲೆ ಅವಾಹಕ ಸುತ್ತಬೇಕು. ವೋಲ್ಟ್‌ಮೀಟರಿನ ತಂತಿಗಳೇ ಬೇರೆ.

ಪಾಲಕರಿಗೂ ಒಂದು ಮಾತು. 12 ವೋಲ್ಟಿನಲ್ಲಿ ಶಾಕ್ ಹೊಡೆಯುವುದಿಲ್ಲವೆಂಬ ಧೈರ್ಯ ಅರ್ಧ ಸರಿ. ಕೈಯ ಉಂಗುರವೋ ಗಡಿಯಾರದ ಲೋಹದ ಪಟ್ಟಿಯೋ ಬ್ಯಾಟರಿಯ ಎರಡು ತುದಿಗಳಿಗೆ ಒಟ್ಟಿಗೆ ತಗುಲಿದರೆ ಕ್ಷಣದಲ್ಲಿ ಕೆಂಡವಾಗುತ್ತದೆ. ಮೊದಲು ಋಣ ತುದಿಯ ತಂತಿ ಬಿಚ್ಚಿಯೇ ಇಂಥ ಕೆಲಸಕ್ಕೆ ತೊಡಗುವುದು ಅದಕ್ಕೇ. ನಮ್ಮ ಮನೆಗಳ ಇನ್ವರ್ಟರ್ ಬ್ಯಾಟರಿಯ ಹತ್ತಿರ ಮಕ್ಕಳು ಸುಳಿದಾಡುವಾಗಲೂ ಇದು ನೆನಪಿರಲಿ.

ಇನ್ನು ಪೆಟ್ರೋಲ್ ಮೀಟರು. ಮುಳ್ಳಿಗೆ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆಯೆಂಬುದು ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ರೋಧ ಮಾತ್ರ. ಟ್ಯಾಂಕಿನೊಳಗೆ ತೇಲುವ ಬುರುಡೆಯೊಂದು ಏರಿಳಿಯುತ್ತ ಒಂದು ರೋಧದ ಮೇಲೆ ತೋಳನ್ನು ಜಾರಿಸುತ್ತದೆ. ತಯಾರಕರು ಒಬ್ಬೊಬ್ಬರು ಒಂದೊಂದು ಅಳತೆ ಇಟ್ಟುಕೊಂಡದ್ದೇ ಗೋಳು. ಆ ಕಾಲದ ಡಾಡ್ಜ್, ಫೋರ್ಡುಗಳಲ್ಲಿ ಟ್ಯಾಂಕು ಖಾಲಿಯಾದಾಗ ಸುಮಾರು 73 ಓಮ್, ತುಂಬಿದಾಗ 10. ಜನರಲ್ ಮೋಟರ್ಸ್ ಗಾಡಿಗಳಲ್ಲಿ ತಿರುವುಮುರುವು: ಖಾಲಿಗೆ 0, ತುಂಬಿದ್ದಕ್ಕೆ 90. ಅಂಗಡಿಯಲ್ಲಿ ಸಿಗುವ ಅನೇಕ ಮೀಟರುಗಳು 240 ಓಮನ್ನು ಖಾಲಿಯೆಂದೂ 33 ಓಮನ್ನು ಭರ್ತಿಯೆಂದೂ ಓದುತ್ತವೆ. ಅರ್ಧ ಟ್ಯಾಂಕಿಗೆ ಅವುಗಳ ಲೆಕ್ಕ ಸುಮಾರು 103. ಇಂಥದನ್ನು ಹಳೆಯ ಡಾಡ್ಜ್ ಟ್ಯಾಂಕಿಗೆ ಜೋಡಿಸಿದರೆ? ಟ್ಯಾಂಕು ಒಣಗಿ 73 ಓಮ್ ತೋರಿದಾಗಲೂ ಮುಳ್ಳು ಅರ್ಧಕ್ಕಿಂತ ಮೇಲೆಯೇ ನಿಂತಿರುತ್ತದೆ. ಲೀಟರಿಗೆ ಮೂರು ಮೂರೂವರೆ ಕಿಲೊಮೀಟರ್ ಓಡುವ ಗಾಡಿ, ನೆವಾಡದ ಮರುಭೂಮಿ, ಮುಂದಿನ ಬಂಕು ಎಲ್ಲೋ ದೂರದಲ್ಲಿ. ಮೀಟರು ಕೆಟ್ಟಿಲ್ಲ, ಟ್ಯಾಂಕಿನ ರೋಧವೂ ಕೆಟ್ಟಿಲ್ಲ. ಎರಡಕ್ಕೂ ಭಾಷೆ ಬೇರೆ, ಅಷ್ಟೆ.

ಹಳೆಯ ಮೀಟರುಗಳಿಗೆ ಇನ್ನೊಂದು ವಿಶೇಷವಿತ್ತು. ಒಳಗಿನ ದ್ವಿಲೋಹ ಪಟ್ಟಿ ಕಾದು ಬಾಗಿ ಮುಳ್ಳನ್ನು ಎತ್ತುತ್ತಿತ್ತು. ಅವುಗಳಿಗೆ ಸರಾಸರಿ 5 ವೋಲ್ಟ್ ಒದಗಿಸುವ ಚಿಕ್ಕ ನಿಯಂತ್ರಕವೊಂದಿತ್ತು. ಹೊಸ ಮೀಟರುಗಳಿಗೆ ಪೂರ್ತಿ 12 ವೋಲ್ಟ್ ಬೇಕು. ಹಳೆಯದೊಂದನ್ನು ಪ್ರೀತಿಯಿಂದ ಉಳಿಸಿಕೊಂಡು ಅದಕ್ಕೂ 12 ಕೊಟ್ಟರೆ ಅದು ಸುಟ್ಟುಹೋಗುತ್ತದೆ.

ಹೆಡ್‌ಲೈಟ್ ಹಾಕಿದೊಡನೆ ಮುಳ್ಳುಗಳೆಲ್ಲ ಒಮ್ಮೆಗೇ ಅಲುಗುವುದು ಇನ್ನೊಂದು ದೂರು. ಎಲ್ಲ ಮೀಟರುಗಳೂ ಒಟ್ಟಿಗೆ ಕೆಡುವುದಿಲ್ಲ. ಎಲ್ಲಕ್ಕೂ ಸಮಾನವಾದದ್ದನ್ನು ಹುಡುಕಬೇಕು. ಅದು ಭೂಸಂಪರ್ಕದ ತಂತಿ. ಲೋಹದ ಫಲಕ ಚಾಸಿಗೆ ತಾಗಿಕೊಂಡಿದ್ದರೆ ಅದೇ ಮರಳುವ ದಾರಿಯಾಗಬಲ್ಲದು. ಹೊಸ ಫಲಕ ಕೂರುವುದು ಪ್ಲಾಸ್ಟಿಕ್ಕಿನ ಅಥವಾ ಮರದ ಮೇಲೆ. ಅಲ್ಲಿ ಚಾಸಿಯವರೆಗೆ ಪ್ರತ್ಯೇಕ ತಂತಿ ಎಳೆಯಬೇಕು. ಆ ಕೂಡಿಕೆ ಸಡಿಲವಿದ್ದರೆ, ಹೆಡ್‌ಲೈಟಿನೊಂದಿಗೆ ಹೊತ್ತುವ ಫಲಕದ ದೀಪಗಳ ಪ್ರವಾಹ ಅದರ ಮೂಲಕವೇ ಹೋಗಿ, ವಿಭವವನ್ನು ಅಷ್ಟಿಷ್ಟು ಏರಿಸಿ, ಮುಳ್ಳುಗಳ ಲೆಕ್ಕ ತಪ್ಪಿಸುತ್ತದೆ.

ನನ್ನ ಮಟ್ಟಿಗೆ ಹೊಸ ಫಲಕದ ದೊಡ್ಡ ಲಾಭ ಉಷ್ಣತೆಯ ಮೀಟರು. ಅನೇಕ ಹಳೆಯ ಫಲಕಗಳಲ್ಲಿ 'ತಂಪು', 'ಬಿಸಿ' ಎಂಬ ಎರಡೇ ಗುರುತು. ಕೆಲವು ಗಾಡಿಗಳಲ್ಲಿ ಅದೂ ಇಲ್ಲದೆ ಬರೀ ಕೆಂಪು ದೀಪ. ಅಮೆರಿಕನ್ನರು ತಮಾಷೆಗೆ ಅದನ್ನು ದಡ್ಡರ ದೀಪ ಎನ್ನುತ್ತಾರೆ. ಹೊಸದರಲ್ಲಿ ಅಂಕಿಗಳಿವೆ. ಕೊಲೊರಾಡೊ ರಾಜ್ಯದ ರಾಕಿ ಪರ್ವತದಲ್ಲಿ 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಆ ಏರಿನಲ್ಲಿ ಮುಳ್ಳು 90 ಡಿಗ್ರಿಯಿಂದ 105ಕ್ಕೆ ಸರಿಯುವುದು ಕಂಡರೆ, ದೀಪ ಹೊತ್ತುವುದಕ್ಕೆ ಮೊದಲೇ ಗಾಡಿ ನಿಲ್ಲಿಸಬಹುದು.

ಈ ಮೀಟರಿನ ಸಂವೇದಕವನ್ನು ಎಂಜಿನ್ನಿಗೆ ತಿರುಗಿಸಿ ಕೂರಿಸುವ ಮುನ್ನ ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಮಲ್ಟಿಮೀಟರಿಗೆ ಸಿಕ್ಕಿಸಿ, ಅದರ ತುದಿಯನ್ನು ನೀರಿನಲ್ಲಿಳಿಸಿ ಕಾಯಿಸಿದರೆ ಬಿಸಿ ಏರಿದಂತೆ ರೋಧ ಇಳಿಯಬೇಕು. ನೀರು ಕುದಿಯುವಾಗಿನ ರೋಧವನ್ನು ಮೀಟರಿನ ಜೊತೆ ಬಂದ ಪಟ್ಟಿಯಲ್ಲಿ 100 ಡಿಗ್ರಿಗೆ ಕೊಟ್ಟಿರುವ ಅಂಕಿಯೊಂದಿಗೆ ಹೋಲಿಸಿ ನೋಡುವುದು. ಆದರೆ ಇದು ಕಡಲ ಮಟ್ಟದ ಊರುಗಳವರಿಗೆ. ಸುಮಾರು 1,600 ಮೀಟರ್ ಎತ್ತರದ ಡೆನ್ವರಿನಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಅಲ್ಲಿನವರು 95ರ ಅಂಕಿಯನ್ನು ನೋಡಬೇಕು.