ಬತ್ತದ ಬೆಂಕಿ ರೋಗದ ಬೂಷ್ಟು ತನ್ನ ಗುಣವನ್ನು ಮಾರ್ಪಡಿಸಿಕೊಳ್ಳುವ ಬಗೆ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ವಡಗೇರಾ ಸೀಮೆಯಲ್ಲಿ ನೀರಿನ ಅನುಕೂಲವಿರುವ ಜಮೀನುಗಳಲ್ಲಿ ಬತ್ತವು ಮುಖ್ಯ ಪೈರಾಗಿದೆ. ಈ ಪೈರಿಗೆ ತಗಲುವ ರೋಗಗಳಲ್ಲಿ ಬೆಂಕಿ ರೋಗವು ಬಹು ಹಾನಿಕರವಾದುದು. ಎರಡು ತುದಿಯೂ ಚೂಪಾಗಿ, ನಡುವೆ ಬೂದಿಬಣ್ಣವುಳ್ಳ ಕಲೆಗಳು ಎಲೆಗಳ ಮೇಲೆ ಕಾಣಿಸಿಕೊಳ್ಳುವುವು. ರೋಗವು ತೆನೆಯ ಕುತ್ತಿಗೆಗೆ ಇಳಿದರೆ ಕಾಳು ಜೊಳ್ಳಾಗುವುದು. ಜನರಿಗೆ ಪ್ರಿಯವಾದ ಬಿ.ಪಿ.ಟಿ. ೫೨೦೪ ತಳಿಯು ಇದಕ್ಕೆ ಸುಲಭವಾಗಿ ತುತ್ತಾಗತಕ್ಕದ್ದು.

ರೋಗ ತಡೆಯುವ ತಳಿಯೂ ಕೆಲವು ವರ್ಷಗಳ ತರುವಾಯ ಸೋಲುವುದುಂಟು. ಬೀಜ ಕಲಬೆರಕೆಯಾಯಿತೆಂದೋ ನೆಲ ಕೆಟ್ಟಿತೆಂದೋ ರೈತರು ಭಾವಿಸುವುದು ಸಹಜ. ಆದರೆ ಅನೇಕ ವೇಳೆ ಮಾರ್ಪಟ್ಟಿರುವುದು ಬೀಜವಲ್ಲ, ನೆಲವಲ್ಲ, ರೋಗದ ಬೂಷ್ಟೇ.

ತಳವಾರನು ಕಳ್ಳನನ್ನು ಒಂದು ಗುರುತಿನಿಂದ ಹಿಡಿಯುವಂತೆ, ರೋಗನಿರೋಧಕ ತಳಿಯು ಬೂಷ್ಟು ಹೊರಸೂಸುವ ಒಂದು ವಸ್ತುವನ್ನು ಗುರುತಿಸಿ, ಅದು ಒಳಹೊಕ್ಕ ಎಡೆಯಲ್ಲಿಯೇ ತಡೆಯುತ್ತದೆ. ಆ ವಸ್ತುವನ್ನು ಉಂಟುಮಾಡುವ ಅಪ್ಪಣೆಯು ಬೂಷ್ಟಿನ ವಂಶವಾಹಿಯಲ್ಲಿ, ಅಂದರೆ ಡಿ.ಎನ್.ಎ. ಎಂಬ ಎಳೆಯಲ್ಲಿ, ಅಡಗಿದೆ. ಇದೇ ಎಳೆಯಲ್ಲಿ ಒಂದೆಡೆಯಿಂದ ಮತ್ತೊಂದೆಡೆಗೆ ಹಾರಿ ಸೇರಿಕೊಳ್ಳುವ ತುಣುಕುಗಳೂ ಇರುತ್ತವೆ. ಇಂತಹ ತುಣುಕುಗಳನ್ನು ಮೆಕ್ಕೆಜೋಳದಲ್ಲಿ ಮೊದಲು ಕಂಡ ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ ಎಂಬ ವಿದುಷಿಗೆ ೧೯೮೩ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಬೆಂಕಿ ರೋಗದ ಬೂಷ್ಟಿನ ಡಿ.ಎನ್.ಎ.ಯನ್ನು ೨೦೦೫ರಲ್ಲಿ ಓದಿದಾಗ, ಅದರಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮರುಕಳಿಸಿ ಬರುವ ಭಾಗವೆಂದೂ, ಅದರಲ್ಲಿ ಬಹಳಷ್ಟು ಇಂತಹ ತುಣುಕುಗಳೆಂದೂ ತಿಳಿದುಬಂದಿತು.

ತುಣುಕೊಂದು ಗುರುತಿನ ವಂಶವಾಹಿಯೊಳಕ್ಕೆ ಹಾರಿದರೆ ಅಪ್ಪಣೆಯು ಕೆಡುತ್ತದೆ, ಗುರುತು ಅಳಿಯುತ್ತದೆ, ತಳವಾರನು ಕಳ್ಳನನ್ನು ಕಾಣನು. 'ಪೈ-ಟಾ' ಎಂಬ ನಿರೋಧಶಕ್ತಿಯುಳ್ಳ ಬತ್ತವು ಗುರುತಿಸುವ ವಂಶವಾಹಿಯ ಮುಂಭಾಗದಲ್ಲಿ 'ಪಾಟ್-೩' ಎಂಬ ತುಣುಕು ಸೇರಿಕೊಂಡು, ಬೂಷ್ಟು ಆ ಬತ್ತವನ್ನು ಗೆದ್ದುದನ್ನು ವಿಜ್ಞಾನಿಗಳು ೨೦೦೧ರಲ್ಲಿ ಪ್ರಕಟಿಸಿದರು. ಹೀಗೆ ಮಾರ್ಪಟ್ಟ ಒಂದು ಬೂಷ್ಟಿನಿಂದ ಅಸಂಖ್ಯ ಬೀಜಕಣಗಳು ಹುಟ್ಟಿ ಗಾಳಿಯಲ್ಲಿ ಹರಡುವುವು. ಸುತ್ತಲೂ ಅದೇ ತಳಿಯಿದ್ದರೆ ಅವುಗಳಿಗೆ ಅಡ್ಡಿಯೇ ಇರದು.

ಆದುದರಿಂದ ಊರಿನ ಬಯಲೆಲ್ಲವನ್ನೂ ಒಂದೇ ತಳಿಗೆ ಒಪ್ಪಿಸುವುದು ವಿವೇಕವಲ್ಲ. ಚೀನಾ ದೇಶದ ಯುನ್ನಾನ್ ಪ್ರಾಂತದಲ್ಲಿ ರೋಗಕ್ಕೆ ಸುಲಭವಾಗಿ ತುತ್ತಾಗುವ ಅಂಟು ಬತ್ತವನ್ನು ನಿರೋಧಕ ತಳಿಯ ಸಾಲುಗಳ ನಡುವೆ ಬೆಳೆದಾಗ, ಅದನ್ನೊಂದನ್ನೇ ಬೆಳೆದುದಕ್ಕಿಂತ ಬೆಂಕಿ ರೋಗದ ತೀವ್ರತೆಯು ನೂರಕ್ಕೆ ೯೪ರಷ್ಟು ಕಡಿಮೆಯಾದುದು ೨೦೦೦ದಲ್ಲಿ ಪ್ರಕಟವಾಯಿತು.

ಗ್ರಾಮದ ಮುಖಂಡರೂ ಭೂಮಾಲೀಕರೂ ನಾಟಿಗೆ ಮುನ್ನವೇ ಕೂಡಿ ಆಲೋಚಿಸಿ, ಬಯಲಿನಲ್ಲಿ ಎರಡು ಮೂರು ತಳಿಗಳನ್ನು ಹಂಚಿಕೊಳ್ಳುವುದು ಲೇಸು. ರೋಗ ತಗಲಿದ ಗದ್ದೆಯ ಬೀಜವನ್ನು ಬಿತ್ತನೆಗೆ ಇಡಕೂಡದು. ಯೂರಿಯಾ ಗೊಬ್ಬರವನ್ನು ಮಿತಿಮೀರದೆ, ಕಂತುಗಳಲ್ಲಿ ಹಾಕತಕ್ಕದ್ದು. ನಿರೋಧಕವೆಂದು ಹೆಸರಾದ ತಳಿಯಲ್ಲಿ ಕಲೆಗಳು ಕಂಡೊಡನೆ, ಆ ಎಲೆಗಳೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು. ಒಂದು ಗದ್ದೆಯಲ್ಲಿ ಬೇಗ ಕಂಡ ರೋಗವು ಇಡೀ ಊರಿನ ಫಸಲನ್ನು ಉಳಿಸಬಲ್ಲ ಎಚ್ಚರಿಕೆಯಾಗಿದೆ.